ಒಂದೇ ಕೆರೆಯಲ್ಲಿರುವ ಎರಡು ಶಾಲೆಗಳು

ಕೆರೆಯಲ್ಲಿ ನೀರು ಬತ್ತಿದಾಗ ಕಾಣುವ ನೆಲಕ್ಕೆ ನಮ್ಮ ಕಡೆ ಕೆರೆ ಅಂಗಳ ಅನ್ನುತ್ತಾರೆ. ಇದು ಗೊತ್ತಿಲ್ಲದವರು ತುಮಕೂರು ಜಿಲ್ಲೆಯಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೆ. ಒಬ್ಬರಿದ್ದರು. ಅವರು ನಮ್ಮ ಇಲಾಖೆಯ ಕಚೇರಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರು.

ಆಗ ನಾನು ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಏಕೋಪಾಧ್ಯಾಯ ಶಾಲೆ. ಅಂದರೆ ಪಾಠ ಹೇಳುವವಳೂ ನಾನೇ, ಗಂಟೆ ಹೊಡೆಯುವವಳೂ ನಾನೇ, ನನ್ನ ರಜೆ ಅರ್ಜಿಗೆ ಶಿಫಾರಸು ಬರೆಯುವ ಪ್ರಭಾರ ಮುಖ್ಯ ಶಿಕ್ಷಕಿಯೂ ನಾನೇ. ತುಮಕೂರಿನ ಸದಾಶಿವನಗರದ ಮನೆಯಿಂದ ಹೊರಟು, ಎರಡು ಬಸ್ಸು ಬದಲಿಸಿ, ಕಡಬದ ದಾರಿಯಲ್ಲಿ ಇಳಿದು ತೆಂಗಿನ ತೋಟಗಳ ನಡುವೆ ನಡೆದು ಹೋಗುತ್ತಿದ್ದೆ. ಒಂದು ಕೊಠಡಿ, ಒಂದು ಅಡುಗೆ ಮನೆ, ಒಂದು ಹೊಂಗೆ ಮರ. ಹಿಂದೆ ಕೆರೆ. ಕೆರೆಯ ಆಚೆ ದಡದಲ್ಲಿ ದೊಡ್ಡ ಊರು, ಅಲ್ಲೊಂದು ಹಿರಿಯ ಪ್ರಾಥಮಿಕ ಶಾಲೆ.

ಆ ಶಾಲೆ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಕೆರೆ ಒಣಗಿದ್ದಾಗ ಅಂಗಳಕ್ಕೆ ಇಳಿದು ಅಡ್ಡ ಹೋಗಬಹುದು, ಆದರೆ ಅಲ್ಲಿ ಜೆಸಿಬಿಯವರು ಮಣ್ಣು ತೋಡಿ ಬಿಟ್ಟ ಗುಂಡಿಗಳು, ಜಾಲಿ ಮುಳ್ಳು. ತುಂಬಿದ್ದರೆ ಏರಿಯ ಮೇಲೆ ಸುತ್ತಬೇಕು, ನಾಲ್ಕು ಕಿಲೋಮೀಟರ್. ಏರಿಯ ಮೇಲೆ ಜಲ್ಲಿ ಲಾರಿಗಳ ಓಡಾಟ. ಪಕ್ಕಕ್ಕೆ ಸರಿಯೋಣವೆಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ದೊಡ್ಡವರೇ ದೇವರ ಹೆಸರು ಹೇಳಿಕೊಂಡು ಹೋಗುವ ದಾರಿ ಅದು.

ಒಂದನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಚುರುಕು, ಬಾಯಿಬಡುಕಿ, ಕಂಡ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಅವಳ ಅಪ್ಪ ಲಾರಿ ಡ್ರೈವರ್, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಮ್ಮ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಿನ ಮೊದಲ ಬಸ್ಸು ಹತ್ತುವ ಮುನ್ನ ಮಗಳನ್ನು ನಮ್ಮ ಬಿಸಿಯೂಟದ ಅಡುಗೆಯಕ್ಕನ ಮನೆಯಲ್ಲಿ ಬಿಡುತ್ತಿದ್ದಳು. ಆ ಮನೆ ಶಾಲೆಗೆ ಅಂಟಿಕೊಂಡೇ ಇತ್ತು. ಹುಡುಗಿ ಅಲ್ಲಿಂದ ಶಾಲೆಗೆ, ಶಾಲೆಯಿಂದ ಅಲ್ಲಿಗೆ. ಕತ್ತಲಾಗುವ ಹೊತ್ತಿಗೆ ಅಮ್ಮ ಬಂದು ಕರೆದುಕೊಂಡು ಹೋಗುತ್ತಿದ್ದಳು.

ಪೋಷಕರ ಸಭೆಗೆ ಬಂದಾಗ ಆಕೆ ನೇರವಾಗಿ ಕೇಳಿದ್ದಳು. "ಮೇಡಂ, ಈ ಸ್ಕೂಲು ಇರೋವರ್ಗೂ ನನ್ ಕೆಲ್ಸ ಇರುತ್ತೆ. ಮುಚ್ಚಾಕಲ್ಲ ತಾನೆ?"

"ಸೂರ್ಯ ಚಂದ್ರ ಇರೋವರ್ಗೂ ಇರುತ್ತೆ ಬಾರಮ್ಮ" ಅಂದೆ. ಸರ್ಕಾರದ ಪರವಾಗಿ ಮಾತು ಕೊಡುವಷ್ಟು ದೊಡ್ಡವಳು ನಾನು!

ಆ ವರ್ಷ ಮೇಲಿನಿಂದ ಒಂದು ನೀತಿ ಬಂತು. ಒಂದೇ ಆವರಣದಲ್ಲಿ ಎರಡು ಸರ್ಕಾರಿ ಶಾಲೆಗಳಿದ್ದರೆ ಅವನ್ನು ವಿಲೀನಗೊಳಿಸಿ ಒಂದೇ ಆಡಳಿತದ ಕೆಳಗೆ ತರತಕ್ಕದ್ದು. ನೀತಿಯಲ್ಲಿ ತಪ್ಪೇನೂ ಇರಲಿಲ್ಲ. ಒಂದೇ ಗೇಟಿನೊಳಗೆ ಇಬ್ಬರು ಹೆಡ್ಮಾಸ್ಟರು, ಎರಡು ಗಂಟೆ, ಎರಡು ಪ್ರಾರ್ಥನೆ ಇಟ್ಟುಕೊಂಡು ದಾಯಾದಿಗಳ ಹಾಗೆ ಮುಖ ತಿರುಗಿಸಿ ಬಾಳುವ ಶಾಲೆಗಳನ್ನು ನಾನೇ ಕಂಡಿದ್ದೇನೆ. ಅಂಥವನ್ನು ಪತ್ತೆ ಹಚ್ಚಲು ಕಚೇರಿಯಿಂದ ಶಾಲೆ ಶಾಲೆಗೂ ಫೋನು ಹೋಯಿತು. ನನಗೆ ಮಾಡಿದಾಗ ನಾನು ಬಸ್ಸಿನಲ್ಲಿ ನೇತಾಡುತ್ತಿದ್ದೆ, ಎತ್ತಲಾಗಲಿಲ್ಲ. ಹಾಲಿನ ಪುಡಿಯ ವಿಚಾರ ಕೇಳಲು ಅಡುಗೆಯಕ್ಕನ ನಂಬರೂ ಅವರ ಹತ್ತಿರ ಇತ್ತು. ಅವರಿಗೆ ಮಾಡಿದರು.

ಅಡುಗೆಯಕ್ಕ ಆಮೇಲೆ ಹೇಳಿದ ಪ್ರಕಾರ ಮಾತುಕತೆ ಇಷ್ಟೇ. ಹತ್ತಿರದಲ್ಲಿ ಇನ್ನೊಂದು ಸರ್ಕಾರಿ ಶಾಲೆ ಇದೆಯಾ ಎಂದು ಕೇಳಿದರು. "ಅದೆ ಕಣಪ್ಪ." ಎಷ್ಟು ದೂರ? "ದೂರ ಏನ್ ಬಂತು, ಕೆರೆ ಅಂಗ್ಳ ದಾಟುದ್ರೆ ಅದೇ ಸ್ಕೂಲು."

ಕಂಪ್ಯೂಟರ್ ಮುಂದಿದ್ದವರು ಕೆರೆ ಎಂಬುದು ಯಾವುದೋ ಊರಿನ ಹೆಸರಿರಬೇಕೆಂದು ಅದನ್ನು ಬಿಟ್ಟು, ಅಂಗಳ ಎಂದಷ್ಟೇ ಬರೆದುಕೊಂಡರಂತೆ. ಅವರ ಮೇಲಿನವರು ಅಂಗಳ ಎಂಬುದು ತೀರಾ ಹಳ್ಳಿ ಮಾತಾಯಿತೆಂದು ಅದನ್ನು ಕಚೇರಿಯ ಕನ್ನಡಕ್ಕೆ ತಿದ್ದಿ ಆವರಣ ಮಾಡಿದರು. ಹೀಗೆ ಇಬ್ಬರು ಓದಿದವರ ಕೈ ದಾಟಿ ಬರುವಷ್ಟರಲ್ಲಿ ಒಂದು ಇಡೀ ಕೆರೆ ನಮ್ಮ ಶಾಲೆಯ ಕಾಂಪೌಂಡಿನೊಳಗೆ ಬಂದುಬಿಟ್ಟಿತ್ತು.

ನಮ್ಮ ಶಾಲೆಯನ್ನು ಆಚೆ ದಡದ ಶಾಲೆಯೊಳಗೆ ವಿಲೀನಗೊಳಿಸಿದ ಆದೇಶ ವಾಟ್ಸಾಪ್ ಗ್ರೂಪಿಗೆ ಬಂತು. ಕೆಳಗೆ ಸಹೋದ್ಯೋಗಿಗಳ ಕೈಮುಗಿಯುವ ಗೊಂಬೆಗಳು ಸಾಲಾಗಿ ಬಂದವು. ನಮ್ಮ ಗ್ರೂಪಿನಲ್ಲಿ ಯಾವ ಸುದ್ದಿ ಬಂದರೂ ಮೊದಲು ಕೈಮುಗಿಯುತ್ತಾರೆ, ಆಮೇಲೆ ಓದುತ್ತಾರೆ.

ಮರುದಿನವೇ ಗುಬ್ಬಿಯ ಕಚೇರಿಗೆ ಹೋದೆ. ಈ ಕಡತ ನೋಡುತ್ತಿದ್ದ ಗುಮಾಸ್ತರು ಕುಣಿಗಲ್‌ನವರು, ದಿನಾ ಅಲ್ಲಿಂದಲೇ ಓಡಾಡುತ್ತಿದ್ದರು. ಯಾವಾಗ ಹೋದರೂ ಆಗಷ್ಟೇ ಬಂದಿರುತ್ತಿದ್ದರು, ಇಲ್ಲವೇ ಆಗಷ್ಟೇ ಹೊರಟಿರುತ್ತಿದ್ದರು.

"ಸರ್, ಆ ಎರಡು ಸ್ಕೂಲ್ ಮಧ್ಯೆ ಕೆರೆ ಇದೆ" ಅಂದೆ.

ಅವರು ಕಂಪ್ಯೂಟರಿನಲ್ಲಿ ಮ್ಯಾಪ್ ತೆಗೆದರು. "ಎಲ್ಲಿದೆ ಮೇಡಂ ಕೆರೆ? ಇಲ್ಲಿ ಬರೀ ನೀಲಿ ಬಣ್ಣ ಕಾಣ್ತಾ ಇದೆ."

"ಆ ನೀಲಿನೇ ಸರ್ ಕೆರೆ."

"ಹಂಗಂತ ಬರ್ದಿಲ್ವಲ್ಲ."

ನನಗೆ ರೇಗಿತು. "ಕುಣಿಗಲ್‌ನೋರಾಗಿ ಕೆರೆ ಗುರುತು ಸಿಗಲ್ವಾ ಸರ್ ನಿಮ್ಗೆ?"

ಅವರಿಗೆ ಅದು ನಾಟಿತು. ಕನ್ನಡಕ ತೆಗೆದಿಟ್ಟು ಹೇಳಿದರು: "ನಮ್ ಕೆರೇಲಿ ನೀರೈತೆ ಮೇಡಂ. ಅದ್ಕೇ ಅದು ಕೆರೆ. ನಿಮ್ದ್ರಲ್ಲಿ ಐತಾ?"

ಆಗ ಇರಲಿಲ್ಲ. ಇಲ್ಲ ಅಂದೆ. "ಮತ್ತೆ?" ಎಂದು ಕನ್ನಡಕ ಹಾಕಿಕೊಂಡರು. ಕೊನೆಗೆ, ಬಸ್ಸಿಗೆ ಹೊತ್ತಾಗಿತ್ತೋ ಏನೋ, ಆವರಣ ಎಂದು ನಮೂದಾಗಿರುವುದು ವಾಸ್ತವದಲ್ಲಿ ಕೆರೆ, ಆದ್ದರಿಂದ ತಿದ್ದುಪಡಿ ಮಾಡಬೇಕು ಎಂದು ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಫೈಲು ಮೇಲೆ ಹೋಯಿತು.

ಸ್ಥಳ ಪರಿಶೀಲನೆಗೂ ಜನ ಬಂದರು, ಅದೂ ಬಿರು ಬೇಸಿಗೆಯಲ್ಲಿ. ಕೆರೆ ಬಿರುಕು ಬಿಟ್ಟು ಮಲಗಿತ್ತು. ಬಂದವರು ಕೊಡೆ ಹಿಡಿದು ಅಂಗಳಕ್ಕಿಳಿದು, ಗುಂಡಿ ತಪ್ಪಿಸಿಕೊಂಡು ನಡುವಿನವರೆಗೆ ಹೋಗಿ, ಅಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿ, "ಮೈದಾನ ವಿಶಾಲವಾಗಿದೆ" ಎಂದು ಬರೆದುಕೊಂಡು ಹೋದರು. ಅಡುಗೆಯಕ್ಕ ಕೊಟ್ಟ ಮಜ್ಜಿಗೆಯನ್ನು ಮಾತ್ರ ಬಹಳ ಹೊಗಳಿದರು.

ಒಂದು ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಆ ಹುಡುಗಿಯ ಅಮ್ಮ ಶಾಲೆಯ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಲೆಂದೇ ಬಸ್ಸು ಬಿಟ್ಟಿದ್ದಳು.

"ಮೇಡಂ, ಆಚೆ ಸ್ಕೂಲ್ಗೆ ಇವ್ಳನ್ನ ಯಾರ್ ಕರ್ಕೊಂಡೋಗ್ತಾರೆ? ಏರಿ ಮೇಲೆ ಲಾರಿ, ಅಂಗ್ಳದಾಗೆ ಗುಂಡಿ. ನಾನು ಬಿಟ್ಬರಾಕ್ ಹೋದ್ರೆ ಬಸ್ ಹೋಯ್ತದೆ. ಬಸ್ ಹೋದ್ರೆ ಕೆಲ್ಸ ಹೋಯ್ತದೆ. ಏನಾರ ಮಾಡಿ."

ಏನಾದರೂ ಮಾಡಿ ಅನ್ನುವುದು ಸುಲಭ. ಆ ದಿನ ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ಸಿಟ್ಟಿನಿಂದಲೇ ಆದೇಶವನ್ನು ಮತ್ತೊಮ್ಮೆ ಓದಿದೆ. ಸಿಟ್ಟಿನಲ್ಲಿ ಓದಿದರೆ ಸರ್ಕಾರಿ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಅದರಲ್ಲೊಂದು ಸಾಲಿತ್ತು: ವಿಲೀನಗೊಂಡ ಶಾಲೆಯ ಮಕ್ಕಳನ್ನು ಆವರಣದೊಳಗಿನ ಲಭ್ಯ ಕೊಠಡಿಗಳಲ್ಲಿ ಸೂಕ್ತವಾಗಿ ಕೂರಿಸಿಕೊಳ್ಳತಕ್ಕದ್ದು.

ಆವರಣದೊಳಗಿನ ಕೊಠಡಿ! ನಮ್ಮದು ಆವರಣದೊಳಗೇ ಇದೆಯೆಂದು ಸರ್ಕಾರವೇ ಒಪ್ಪಿದೆಯಲ್ಲ. ಹಾಗಿದ್ದ ಮೇಲೆ ಮಕ್ಕಳು ಎಲ್ಲಿಗೆ ಹೋಗಬೇಕು? ಎಲ್ಲಿದ್ದಾರೋ ಅಲ್ಲೇ ಇದ್ದರಾಯಿತು.

ಆಚೆ ದಡದ ಹೆಡ್ಮಾಸ್ಟರಿಗೆ ಫೋನ್ ಮಾಡಿದೆ. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ನಿಯಮ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡುವವರಲ್ಲ. ಆ ಸಾಲನ್ನು ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ನಕ್ಕರು. ಅವರು ನಗುವುದನ್ನು ನಾನು ಅದೇ ಮೊದಲು ಕೇಳಿದ್ದು.

"ನಮ್ ಮಕ್ಳಿಗೇ ಜಾಗ ಸಾಲ್ದು, ಎರಡು ರೂಮು ಸೋರ್ತವೆ. ನೀವು ಅಲ್ಲೇ ಇದ್ರೆ ನಂಗೂ ಒಳ್ಳೇದೇ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಆಗ್ಲಿ ಬುಡಿ ಮೇಡಂ."

ಹೀಗೆ ನಮ್ಮ ಶಾಲೆಯ ಹೆಸರಿನ ಮೇಲೆ ಬಣ್ಣ ಬಳಿದು 'ಕೊಠಡಿ ಸಂಖ್ಯೆ ೮' ಎಂದು ಬರೆಸಿದೆವು. ಆ ಹುಡುಗಿ ಅದನ್ನು ಊರಿಗೆಲ್ಲ ಕೇಳಿಸುವ ಹಾಗೆ ಓದಿದಳು. ಏಳನೇ ಕೊಠಡಿ ಕೆರೆಯಾಚೆ, ಎಂಟನೆಯದು ಈಚೆ.

ಆ ವರ್ಷ ಮಳೆರಾಯನಿಗೂ ತಮಾಷೆ ಮಾಡುವ ಮನಸ್ಸಾಯಿತು. ಕೆರೆ ತುಂಬಿ ಕೋಡಿ ಬಿತ್ತು. ನಮ್ಮ ಆವರಣದಲ್ಲಿ ಮೀನು ಓಡಾಡತೊಡಗಿದವು.

ಒಂದೇ ಶಾಲೆಯೆಂದ ಮೇಲೆ ಪ್ರಾರ್ಥನೆಯೂ ಒಂದೇ ಆಗಬೇಕೆಂದು ಸೂಚನೆ ಬಂತು. ಹೆಡ್ಮಾಸ್ಟರು ಊರಿನ ಭಜನೆ ಮನೆಯಿಂದ ಮೈಕ್ ತರಿಸಿ ಕೆರೆಯ ಕಡೆಗೆ ತಿರುಗಿಸಿ ಕಟ್ಟಿದರು. ನಮ್ಮ ಮಕ್ಕಳು ನೀರಿಗೆ ಮುಖ ಮಾಡಿ ಸಾಲಾಗಿ ನಿಂತು ಹಾಡುತ್ತಿದ್ದರು. ಗಾಳಿ ಈ ಕಡೆ ಬೀಸಿದರೆ ಪ್ರಾರ್ಥನೆ ಪೂರ್ತಿ ಬರುತ್ತಿತ್ತು, ಆ ಕಡೆ ಬೀಸಿದರೆ ಅರ್ಧಕ್ಕೇ ಕೈಬಿಡುತ್ತಿತ್ತು. ಒಂದು ದಿನ ಮೈಕ್ ಆಫ್ ಮಾಡಲು ಮರೆತು, ಹೆಡ್ಮಾಸ್ಟರು ಯಾರಿಗೋ ಫೋನಿನಲ್ಲಿ ತಮ್ಮ ಮಲಬದ್ಧತೆಯ ಕಷ್ಟ ಹೇಳಿಕೊಂಡದ್ದನ್ನು ಎಂಟನೇ ಕೊಠಡಿ ಕೈಮುಗಿದುಕೊಂಡು ಕೇಳಿತು.

ಆಟದ ಮೈದಾನದ ಫೋಟೋ ಕಳಿಸಿ ಎಂದರು. ನೀರಿನ, ಅದರಲ್ಲಿ ನಿಂತ ಬೆಳ್ಳಕ್ಕಿಗಳ ಫೋಟೋ ಕಳಿಸಿದೆ. 'ತೃಪ್ತಿಕರ' ಎಂದು ಉತ್ತರ ಬಂತು. ಆವರಣಕ್ಕೆ ಕಾಂಪೌಂಡ್ ಇದೆಯಾ ಎಂದು ಕೇಳಿದರು. ಏರಿ ಇದೆ ಅಂದೆ. ಶಾಲೆಯಲ್ಲಿ ಮಳೆನೀರು ಕೊಯ್ಲು ವ್ಯವಸ್ಥೆ ಇದೆಯೇ ಎಂಬ ಪ್ರಶ್ನೆಗೆ ಹೆಡ್ಮಾಸ್ಟರು ಧೈರ್ಯವಾಗಿ ಇದೆ ಎಂದೂ, ಈ ವರ್ಷ ಕೋಡಿ ಬಿದ್ದಿದೆ ಎಂದೂ ಬರೆದರು. ಅದಕ್ಕೆ ಒಂದು ಪ್ರಶಂಸಾ ಪತ್ರ ಬಂತು. ಅವರ ಇಡೀ ಸರ್ವಿಸಿನಲ್ಲಿ ಸಿಕ್ಕ ಪ್ರಶಂಸೆ ಅದೊಂದೇ, ಪಾಪ, ಫ್ರೇಮ್ ಹಾಕಿಸಿದರು.

ಬಿಸಿಯೂಟದ ಮೊಟ್ಟೆಗಳು ಆಚೆಯ ಶಾಲೆಗೇ ಬರುತ್ತಿದ್ದವು. ಅವನ್ನು ಹೆಡ್ಮಾಸ್ಟರೇ ಸ್ಕೂಟರಿನಲ್ಲಿಟ್ಟುಕೊಂಡು ಏರಿ ಸುತ್ತಿ ತಂದುಕೊಡುತ್ತಿದ್ದರು. ಪ್ರಯಾಣ ಭತ್ಯೆ ಕೇಳಿದರೆ, ಆವರಣದೊಳಗಿನ ಓಡಾಟಕ್ಕೆ ಭತ್ಯೆ ಇಲ್ಲವೆಂದರು. ಲಾರಿಗೆ ಹೆದರಿ ಸ್ಕೂಟರು ಅಲ್ಲಾಡಿದ ದಿನ ನಮ್ಮಲ್ಲಿ ಮೊಟ್ಟೆ ಪಲ್ಯ.

ನಾನು ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ವರ್ಷ ನಾನು ಖುಷಿಯಾಗಿದ್ದೆ. ಸರ್ಕಾರದ ಒಂದು ತಪ್ಪನ್ನು ಚಾಪೆಯ ಹಾಗೆ ಹಾಸಿಕೊಂಡು ಅದರ ಮೇಲೆ ಮಕ್ಕಳನ್ನು ಕೂರಿಸಿದ್ದೆ. ಅದೇ ವರ್ಷ ಆ ಹುಡುಗಿಯ ಅಮ್ಮನಿಗೆ ಫ್ಯಾಕ್ಟರಿಯಲ್ಲಿ ಒಂದು ಟೇಬಲ್ಲಿನ ಮೇಲ್ವಿಚಾರಣೆ ಕೊಟ್ಟರು. ಒಂದು ಬಿಡುವಿನ ದಿನ ಸಿಹಿ ಹಿಡಿದುಕೊಂಡು ಬಂದಳು. ತುಂಬಿದ ಕೆರೆ ನೋಡುತ್ತಾ ನಿಂತು, "ಮೇಡಂ, ನಮ್ ಸ್ಕೂಲ್ಗೆ ಇಷ್ಟ್ ದೊಡ್ಡ ಸ್ವಿಮ್ಮಿಂಗ್ ಪೂಲ್ ಐತೆ. ಯಾವ್ ಕಾನ್ವೆಂಟ್ಗೈತೆ ಹೇಳಿ!" ಅಂದಳು. ಇಬ್ಬರೂ ಸಣ್ಣ ಹುಡುಗಿಯರ ಹಾಗೆ ನಕ್ಕೆವು.

ಮುಂದಿನ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ತಿದ್ದುಪಡಿ ಆದೇಶ ಬಂತು. ಹಿಂದಿನ ಆದೇಶದಲ್ಲಿ 'ಆವರಣ' ಎಂದು ಇರುವ ಕಡೆಗಳಲ್ಲೆಲ್ಲ 'ಕೆರೆ' ಎಂದು ಓದಿಕೊಳ್ಳತಕ್ಕದ್ದು. ಅಷ್ಟೇ, ಒಂದೇ ಸಾಲು.

ಹೇಳಿದ ಹಾಗೆ ಓದಿಕೊಂಡೆ. ಒಂದೇ ಕೆರೆಯಲ್ಲಿರುವ ಎರಡು ಶಾಲೆಗಳನ್ನು ವಿಲೀನಗೊಳಿಸಲಾಗಿದೆ. ವಿಲೀನಗೊಂಡ ಶಾಲೆಯ ಮಕ್ಕಳನ್ನು ಕೆರೆಯೊಳಗಿನ ಲಭ್ಯ ಕೊಠಡಿಗಳಲ್ಲಿ ಸೂಕ್ತವಾಗಿ ಕೂರಿಸಿಕೊಳ್ಳತಕ್ಕದ್ದು. ಕೆರೆಯ ಸ್ವಚ್ಛತೆಗೆ ಮುಖ್ಯ ಶಿಕ್ಷಕರೇ ಹೊಣೆ. ಕೆರೆಯೊಳಗೆ ಅನ್ಯರಿಗೆ ಪ್ರವೇಶವಿಲ್ಲ.

ಮೊದಲು ನಗು ಬಂತು. ಗುಬ್ಬಿಗೆ ಹೋದ ಮೇಲೆ ನಗು ನಿಂತಿತು.

ಕುಣಿಗಲ್‌ನ ಗುಮಾಸ್ತರು ಸಂತೋಷದಲ್ಲಿದ್ದರು. "ನಿಮ್ ಅರ್ಜಿ ಮಂಜೂರಾಯ್ತಲ್ಲ ಮೇಡಂ! ನಾನೇ ಬೆನ್ನತ್ತಿ ಮಾಡ್ಸಿದೀನಿ. ನೀವು ಬೈದಿದ್ದು ಮನಸ್ಸಿಗೆ ಹತ್ಕೊಂಡಿತ್ತು."

"ಹಾಗಾದ್ರೆ ನಮ್ ಸ್ಕೂಲು ನಮಗೆ ವಾಪಸ್ ಬಂತಾ ಸರ್?"

"ಅದೆಂಗ್ ಬರುತ್ತೆ? ತಿದ್ದುಪಡೀಲಿ ಪದ ಬದ್ಲಾಗುತ್ತೆ ಮೇಡಂ, ತೀರ್ಮಾನ ಬದ್ಲಾಗಲ್ಲ. ವಿಲೀನ ವಿಲೀನವೇ. ಆದ್ರೆ ನಿಮ್ ರೂಮು ಈಗ ಆವರಣದೊಳಗೂ ಇಲ್ಲ, ಕೆರೆಯೊಳಗೂ ಇಲ್ಲ. ಅಲ್ಲಿ ಮಕ್ಳನ್ನ ಕೂರಿಸೋ ಹಂಗಿಲ್ಲ. ಮೇನ್ ಬಿಲ್ಡಿಂಗ್ಗೆ ಕಳ್ಸಿ."

ಒಳ್ಳೆಯ ಮನುಷ್ಯ. ನನ್ನಿಂದ ಒಂದು ಥ್ಯಾಂಕ್ಸ್ ನಿರೀಕ್ಷಿಸುತ್ತಿದ್ದರು. ನನಗೆ ಅವರ ಮೇಜಿನ ಮೇಲಿದ್ದ ಫೈಲ್‌ಗಳನ್ನೆಲ್ಲ ಎತ್ತಿ ಎಸೆಯಬೇಕೆನ್ನಿಸಿತು.

ತುಮಕೂರಿನಲ್ಲಿ ಮೇಲಿನವರನ್ನು ಕಂಡೆ. ಹಳೆಯ ಶಾಲೆ ದಾಖಲೆಯಲ್ಲೇ ಇಲ್ಲವಾದ್ದರಿಂದ ಅದನ್ನು ತೆರೆಯುವಂತಿಲ್ಲ, ಹೊಸದಾಗಿ ಕೇಳಬೇಕು ಎಂದರು. ಹೊಸದು ಕೇಳಿದರೆ, ಒಂದು ಕಿಲೋಮೀಟರ್ ಒಳಗೆ ಇನ್ನೊಂದು ಸರ್ಕಾರಿ ಶಾಲೆ ಇರಬಾರದು ಎಂದರು. ಮ್ಯಾಪಿನಲ್ಲಿ ಗೆರೆ ಎಳೆದು ತೋರಿಸಿದರು. ಗೆರೆ ನೀಲಿ ಬಣ್ಣದ ಮೇಲೆ ಒದ್ದೆಯಾಗದೆ ಆಚೆ ದಡ ಸೇರಿತು. ಹೋಗಲಿ, ಮಕ್ಕಳಿಗೆ ವಾಹನದ ಭತ್ಯೆಯನ್ನಾದರೂ ಕೊಡಿ ಅಂದೆ. ಅದೂ ದೂರ ಇರುವವರಿಗೆ ಮಾತ್ರವಂತೆ. ಮತ್ತೆ ಅದೇ ಗೆರೆ ತೋರಿಸಿದರು.

ಜೂನ್‌ನಲ್ಲಿ ಎಂಟನೇ ಕೊಠಡಿಗೆ ಬೀಗ ಬಿತ್ತು. ನಾನು ಆಚೆ ದಡಕ್ಕೆ ಹೋದೆ. ನಮ್ಮ ಮಕ್ಕಳನ್ನು ಅವರವರ ಅಪ್ಪಂದಿರು ಬೈಕಿನಲ್ಲಿ ತಂದು ಬಿಡತೊಡಗಿದರು. ಆಚೆಯ ಶಾಲೆಯಲ್ಲಿ ಅಡುಗೆಯವರು ನಿಯಮಕ್ಕೆ ಸರಿಯಾಗಿ ಇದ್ದುದರಿಂದ ನಮ್ಮ ಅಡುಗೆಯಕ್ಕ ಹೆಚ್ಚುವರಿಯಾಗಿ ಕೆಲಸ ಕಳೆದುಕೊಂಡರು. ಬೆಳಗಾಗುವ ಮೊದಲೇ ಕಾಯಿ ಸುಲಿಯುವ ಕೂಲಿಗೆ ಹೊರಟುಬಿಡುತ್ತಿದ್ದರು, ಮನೆಗೂ ಬೀಗ. ಆ ಹುಡುಗಿಯನ್ನು ಪಕ್ಕದ ಮನೆಯವರು ಒಂದಷ್ಟು ದಿನ ಬೈಕಿನಲ್ಲಿ ಕೂರಿಸಿಕೊಂಡು ಬಂದರು. ಆದರೆ ಅಮ್ಮ ಬಸ್ಸು ಹತ್ತಿದ ಮೇಲೆ ಬೈಕು ಹೊರಡುವವರೆಗೆ, ಮತ್ತೆ ಸಂಜೆ ಅಮ್ಮ ಬರುವವರೆಗೆ, ಅವಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮುಚ್ಚಿದ ಶಾಲೆಯ ಜಗಲಿಯ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ಹಿಂದೆ ಕೆರೆ.

ಅಮ್ಮ ಟಿಸಿ ಕೇಳಿಕೊಂಡು ಬಂದಳು. ಮಗಳೂ ಜೊತೆಗಿದ್ದಳು. ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿಯ ಹಿಂದೆ ಒಂದು ರೂಮು ನೋಡಿದ್ದಾಳಂತೆ, ಅಲ್ಲೇ ಹತ್ತಿರದ ಶಾಲೆಗೆ ಸೇರಿಸುತ್ತಾಳಂತೆ.

"ಸ್ಕೂಲ್ ಬಿಟ್ಮೇಲೆ ಅಲ್ಲಿ ಯಾರಮ್ಮ ನೋಡ್ಕೋತಾರೆ?" ಅಂದೆ.

"ಒಳ್ಗಿಂದ ಚಿಲ್ಕ ಹಾಕ್ಕೊಳೋದು ಕಲ್ಸಿದೀನಿ ಮೇಡಂ. ಯಾರ್ ಕರುದ್ರೂ ತೆಗೀಬ್ಯಾಡ ಅಂತ ಹೇಳಿದೀನಿ."

ಹುಡುಗಿ ಹೌದೆಂದು ತಲೆಯಾಡಿಸಿದಳು. ಅವಳಿಗೆ ಆಗ ಮೂರನೇ ಕ್ಲಾಸು.

ಹೆಡ್ಮಾಸ್ಟರ ಪಕ್ಕದಲ್ಲೇ ಕಂಪ್ಯೂಟರಿನಲ್ಲಿ ಟಿಸಿ ತೆಗೆಯಲು ಕೂತೆ. ಶಾಲೆ ಬಿಡಲು ಕಾರಣ ಏನೆಂದು ಕೇಳಿತು. ನಾವೇ ಬರೆಯುವ ಹಾಗಿಲ್ಲ, ಅದು ಕೊಟ್ಟದ್ದರಲ್ಲೇ ಒಂದನ್ನು ಆರಿಸಬೇಕು. ವ್ಯಾಸಂಗ ಮುಗಿದಿದೆ, ಪೋಷಕರ ವರ್ಗಾವಣೆ, ಪೋಷಕರ ಕೋರಿಕೆ, ಮರಣ. ಮೇಲೆ ಕೆಳಗೆ ಎಷ್ಟು ಸಲ ನೋಡಿದರೂ ನಮ್ಮ ಕಾರಣ ಅದರಲ್ಲಿರಲಿಲ್ಲ. ಆರಿಸದಿದ್ದರೆ ಅದು ಮುಂದಕ್ಕೂ ಹೋಗುತ್ತಿರಲಿಲ್ಲ. ಪೋಷಕರ ಕೋರಿಕೆ ಎಂಬುದನ್ನು ಒತ್ತಿದೆ.

ಪ್ರಿಂಟ್ ಬಂದ ಹಾಳೆಯನ್ನು ಹುಡುಗಿ ನನ್ನ ಕೈಯಿಂದ ತೆಗೆದುಕೊಂಡು, ಎಂದಿನ ಹಾಗೆ ಗಟ್ಟಿಯಾಗಿ, ನಾನು ಕಲಿಸಿದ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. "ಪೋಷಕರ ಕೋರಿಕೆ" ಎಂಬಲ್ಲಿಗೆ ಬಂದಾಗ ಅವಳ ಅಮ್ಮ ಕೇಳಿದಳು:

"ಅಂದ್ರೇನ್ ಮೇಡಂ?"

"ನೀವು ಕೇಳ್ಕೊಂಡ್ರಿ, ಅದಕ್ಕೆ ಕೊಟ್ಟಿದೀವಿ ಅಂತಮ್ಮ."

ಆಕೆ ಹೆಡ್ಮಾಸ್ಟರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಜಗಳದ ದನಿಯೇ ಅಲ್ಲ ಅದು, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು.

"ನಾನೇನ್ ಕೇಳ್ಕೊಂಡೆ ಮೇಡಂ? ಇಲ್ಲೇ ಇರ್ಲಿ ಅಂತ ತಾನೆ ಕೇಳ್ಕೊಂಡಿದ್ದು?"

ಹೆಡ್ಮಾಸ್ಟರು ಸೀಲಿನ ಡಬ್ಬಿ ತೆರೆದು, ಮುಚ್ಚಿ, ಮತ್ತೆ ತೆರೆದರು. ನನಗೆ ಅಳುವೂ ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟೂ ಬಂತು. ಕ್ಲಾಸ್ ಟೀಚರ್ ಎಂದಿದ್ದ ಕಡೆ ಸಹಿ ಮಾಡಿ, ಹಾಳೆಯನ್ನು ಹುಡುಗಿಯ ಕೈಗೇ ವಾಪಸ್ ಕೊಟ್ಟೆ.